61ನೇ ಅಧ್ಯಾಯದ ಆಚೆ: ‘ಪ್ರೈಡ್ ಅಂಡ್ ಪ್ರೆಜುಡಿಸ್’ಗೆ ಪ್ರಣಯದ ಉತ್ತರಭಾಗ ಕಟ್ಟುವ ಬಗೆ

ಜೇನ್ ಆಸ್ಟಿನ್ ಬರೆದ ಇಂಗ್ಲಿಷ್ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ಗೆ ಮೂರು ಉತ್ತರಭಾಗ ಬರುತ್ತಿವೆ, ಮೊದಲನೆಯದು ಮೇರಿಯ ಕಥೆ, ಎರಡನೆಯದು ಕಿಟ್ಟಿಯದು, ಮೂರನೆಯದು ಜಾರ್ಜಿಯಾನಾಳದು. ಕಾದಂಬರಿಕಾರ್ತಿಯೊಬ್ಬರು ಇಂಥ ಸುದ್ದಿ ಹಂಚಿಕೊಂಡಾಗ ಓದುಗರ ಕಣ್ಣು ಹೋಗುವುದು ಮುಖಪುಟದ ಮೇಲೆ, ಬಿಡುಗಡೆಯ ತಾರೀಖಿನ ಮೇಲೆ. ಆ ನಾಲ್ಕು ಸಾಲಿನ ಹಿಂದೆ ನಡೆದ ಲೆಕ್ಕಾಚಾರ ಹೊರಗೆ ಕಾಣುವುದಿಲ್ಲ. ಈ ಬಗೆಯ ಪುಸ್ತಕಗಳು ಎಡವುವುದು ಪ್ರೀತಿಯ ದೃಶ್ಯಗಳಲ್ಲಿ ಕಡಿಮೆ; ದುಡ್ಡಿನ ಲೆಕ್ಕದಲ್ಲಿ, ಮದುವೆಯ ಕಾನೂನಿನಲ್ಲಿ, ಮೂಲದ ಕೊನೆಯ ಅಧ್ಯಾಯವನ್ನು ಅರೆಬರೆ ಓದಿದ್ದರಲ್ಲಿ ಹೆಚ್ಚು.

ಈ ಮೂವರೇ ಯಾಕೆ ಎಂಬುದು ಸುಲಭದ ಪ್ರಶ್ನೆ. ಬೆನೆಟ್ ಮನೆಯ ಐದು ಹೆಣ್ಣುಮಕ್ಕಳಲ್ಲಿ ಜೇನ್‌ಗೆ ಬಿಂಗ್ಲಿಯ ಜೊತೆ, ಎಲಿಜಬೆತ್‌ಗೆ ಪೆಂಬರ್ಲಿಯ ಜಮೀನುದಾರ ಡಾರ್ಸಿಯ ಜೊತೆ, ಲಿಡಿಯಾಗೆ ವಿಕಮ್ ಜೊತೆ ಮೂಲದಲ್ಲೇ ಮದುವೆ ಮುಗಿದಿದೆ. ಪ್ರಣಯ ಕಾದಂಬರಿಗೆ ಮದುವೆಯಾಗದ ನಾಯಕಿ ಬೇಕು. ಉಳಿದವರು ಮೇರಿ, ಕಿಟ್ಟಿ, ಡಾರ್ಸಿಯ ತಂಗಿ ಜಾರ್ಜಿಯಾನಾ. ನಾಲ್ಕನೆಯ ಪುಸ್ತಕವೂ ಇದ್ದರೆ ಅದು ಸಾಮಾನ್ಯವಾಗಿ ಡಾರ್ಸಿಯ ತಾಯಿಯ ಒಡಹುಟ್ಟಿದ ಲೇಡಿ ಕ್ಯಾಥರಿನ್‌ಳ ಮಗಳು, ರೋಸಿಂಗ್ಸ್ ಮನೆಯ ಆನ್ ಡಿ ಬರ್ಗ್‌ಳದ್ದು.

ಯಾರ ಅಪ್ಪಣೆ ಬೇಕು

ಆಸ್ಟಿನ್ ತೀರಿಕೊಂಡದ್ದು 1817ರ ಜುಲೈ 18ರಂದು. ಕಾದಂಬರಿ ಹೊರಬಂದದ್ದು 1813ರ ಜನವರಿ 28ರಂದು, ಮೂರು ಸಂಪುಟಗಳಲ್ಲಿ, 18 ಷಿಲಿಂಗ್ ಬೆಲೆಗೆ. ಲಂಡನ್ನಿನ ಪ್ರಕಾಶಕ ಥಾಮಸ್ ಎಗರ್ಟನ್‌ಗೆ ಅವರು ಹಕ್ಕುಗಳನ್ನು 110 ಪೌಂಡಿಗೆ ಪೂರ್ತಿ ಮಾರಿಬಿಟ್ಟಿದ್ದರು, ಕೇಳಿದ್ದು 150. ಆ ಹಕ್ಕಿನ ಅವಧಿ ಮುಗಿದು ಯಾವುದೋ ಕಾಲವಾಯಿತು. ಹಾಗಾಗಿ ಡಾರ್ಸಿ, ಎಲಿಜಬೆತ್ ಎಂಬ ಪಾತ್ರಗಳನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಎಲ್ಲ ಮೇರುಕೃತಿಗೂ ಹೀಗಿಲ್ಲ. ಮಾರ್ಗರೆಟ್ ಮಿಚೆಲ್‌ರ ‘ಗಾನ್ ವಿತ್ ದ ವಿಂಡ್’ ಬಂದದ್ದು 1936ರಲ್ಲಿ. ಅಮೆರಿಕದಲ್ಲಿ ಅದರ ಹಕ್ಕು 95 ವರ್ಷ, ಅಂದರೆ 2031ರ ಕೊನೆಯವರೆಗೆ ಇರುತ್ತದೆ. 1991ರಲ್ಲಿ ಬಂದ ಉತ್ತರಭಾಗ ವಾರಸುದಾರರ ಒಪ್ಪಿಗೆ ಪಡೆದದ್ದು. 2001ರಲ್ಲಿ ಅದೇ ಕಥೆಯನ್ನು ಗುಲಾಮಳಾಗಿ ಹುಟ್ಟಿದ ಹೆಣ್ಣೊಬ್ಬಳ ಕಣ್ಣಿನಿಂದ ಹೇಳಿದ ಪುಸ್ತಕ ಒಪ್ಪಿಗೆಯಿಲ್ಲದೆ ಬಂತು. ವಾರಸುದಾರರು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ತಡೆ ಕೊಟ್ಟಿತು. ಮೇಲ್ಮನವಿ ಕೋರ್ಟು ಆ ತಡೆಯನ್ನು ತೆಗೆದದ್ದು, ಆ ಪುಸ್ತಕ ಮೂಲವನ್ನು ಟೀಕಿಸುತ್ತದೆ ಎಂಬ ಕಾರಣಕ್ಕೆ. ಮೂಲವನ್ನು ಪ್ರೀತಿಸಿ ಮುಂದುವರಿಸುವ ಪ್ರಣಯ ಕಥೆಗೆ ಆ ರಕ್ಷಣೆ ಸಿಗುತ್ತದೆಂದು ನಂಬಿಕೊಳ್ಳುವಂತಿಲ್ಲ.

ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. 2023ರ ಕೊನೆಗೆ ಅವರ ಕಾದಂಬರಿಗಳ ಅವಧಿ ಮುಗಿದಿದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ 2054 ಮುಗಿಯುವವರೆಗೆ ಕಾಯಬೇಕು. ಕನ್ನಡದ ಮೇರುಕೃತಿಗೆ ಉತ್ತರಭಾಗ ಬರೆಯುವ ಆಸೆಯಿದ್ದವರು ಮೊದಲು ಕೂಡಿಸಬೇಕಾದ ಲೆಕ್ಕ ಇದು.

ಆಸ್ಟಿನ್ ವಿಷಯದಲ್ಲಿ ಕಾನೂನಿನ ಅಪಾಯ ಬೇರೆ ದಿಕ್ಕಿನಿಂದ ಬರುತ್ತದೆ. ಓದುಗರ ಮನಸ್ಸಿನಲ್ಲಿ ಮೂಲ ಪುಸ್ತಕವೂ ಪರದೆಯ ಮೇಲೆ ಕಂಡದ್ದೂ ಕಲಸಿಹೋಗಿವೆ. ಡಾರ್ಸಿ ಕೊಳಕ್ಕೆ ಧುಮುಕಿ ಒದ್ದೆ ಅಂಗಿಯಲ್ಲಿ ಎದುರಾಗುವುದು 1995ರ ಬಿಬಿಸಿ ಧಾರಾವಾಹಿಯ ಸೃಷ್ಟಿ. ಪುಸ್ತಕದಲ್ಲಿ ಅವನು ಲಾಯದ ಕಡೆಯಿಂದ ಬರುವ ದಾರಿಯಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತಾನೆ, ಅಷ್ಟೇ. ಉತ್ತರಭಾಗದಲ್ಲಿ ಗಂಡಹೆಂಡತಿ ಆ ಕೊಳದ ದಿನವನ್ನು ನೆನೆಸಿಕೊಂಡು ನಕ್ಕರೆ, ಲೇಖಕಿ ಇನ್ನೂ ಹಕ್ಕಿರುವ ಬೇರೆಯವರ ಸರಕಿಗೆ ಕೈ ಹಾಕಿದಂತೆ. ಇದಕ್ಕೆ ಒಂದೇ ದಾರಿ: ಬರೆಯಲು ಕೂರುವ ಮೊದಲು ಪುಸ್ತಕವನ್ನಷ್ಟೇ ಎದುರಿಗಿಟ್ಟುಕೊಂಡು, ಪ್ರತಿ ಪಾತ್ರಕ್ಕೂ ಒಂದೊಂದು ಹಾಳೆ ಮಾಡಿ, ವಯಸ್ಸು, ವರಮಾನ, ಯಾರಿಗೆ ಏನು ಗೊತ್ತು ಎಂಬುದನ್ನು ಅಧ್ಯಾಯದ ಸಂಖ್ಯೆಯ ಸಮೇತ ಬರೆದುಕೊಳ್ಳುವುದು.

“ಯಾರಿಗೆ ಏನು ಗೊತ್ತು” ಎಂಬ ಕಲಮು ಬಹಳ ಮುಖ್ಯ. ಜಾರ್ಜಿಯಾನಾ ಹದಿನೈದರ ಹುಡುಗಿಯಾಗಿದ್ದಾಗ ರಾಮ್ಸ್‌ಗೇಟ್‌ನಲ್ಲಿ ವಿಕಮ್ ಜೊತೆ ಓಡಿಹೋಗಲು ಹೊರಟಿದ್ದಳು. 45ನೇ ಅಧ್ಯಾಯದ ಪ್ರಕಾರ, ಗುಟ್ಟು ಕಾಯಲು ಸಾಧ್ಯವಿದ್ದ ಕಡೆ ಎಲಿಜಬೆತ್‌ಗೆ ಬಿಟ್ಟು ಮತ್ತಾರಿಗೂ ಡಾರ್ಸಿ ಅದನ್ನು ಹೇಳಿಲ್ಲ. ಬಿಂಗ್ಲಿಯ ಕಡೆಯವರಿಂದಂತೂ ಹುಷಾರಾಗಿ ಮುಚ್ಚಿಟ್ಟಿದ್ದಾನೆ. ಜಾರ್ಜಿಯಾನಾಳ ಮೂರನೇ ಸಂಪುಟದಲ್ಲಿ ಬಿಂಗ್ಲಿಯ ತಂಗಿ ಕ್ಯಾರೊಲಿನ್ ಆ ಹಳೆಯ ಕಥೆ ಎತ್ತಿ ಚುಚ್ಚಿದರೆ, ಅವಳಿಗೆ ಯಾರು ಹೇಳಿದರು ಎಂಬ ದೃಶ್ಯವನ್ನು ಲೇಖಕಿ ಮೊದಲೇ ಕಟ್ಟಿರಬೇಕು.

ಕೊನೆಯ ಅಧ್ಯಾಯದ ಕರಾರುಗಳು

ಆಸ್ಟಿನ್ ಕೊನೆಯ, ಅಂದರೆ 61ನೇ ಅಧ್ಯಾಯದಲ್ಲಿ ಮದುವೆ ಮಾಡಿಸಿ ಬಾಗಿಲು ಹಾಕಿಕೊಂಡು ಹೋಗಲಿಲ್ಲ. ಕೆಲವೇ ಪುಟಗಳಲ್ಲಿ ಮುಂದಿನ ವರ್ಷಗಳ ಬಗ್ಗೆ ಒಂದರ ಮೇಲೊಂದು ಮಾತು ಕೊಟ್ಟುಬಿಟ್ಟರು. ಉತ್ತರಭಾಗ ಬರೆಯುವವರಿಗೆ ಇವೆಲ್ಲ ಸಹಿ ಹಾಕಿದ ಕರಾರು ಇದ್ದಂತೆ.

ಜೇನ್ ಮತ್ತು ಬಿಂಗ್ಲಿ ಅವಳ ತವರಿನ ಹತ್ತಿರದ ನೆದರ್‌ಫೀಲ್ಡ್ ಮನೆಯಲ್ಲಿ ಇರುವುದು ಹನ್ನೆರಡು ತಿಂಗಳು ಮಾತ್ರ. ಆಮೇಲೆ ಡರ್ಬಿಷೈರ್ ಪಕ್ಕದ ಕೌಂಟಿಯಲ್ಲಿ ಆಸ್ತಿ ಕೊಂಡು, ಅಕ್ಕತಂಗಿಯರು ಮೂವತ್ತು ಮೈಲಿಯೊಳಗೆ ಬಂದುಬಿಡುತ್ತಾರೆ. ಮದುವೆಯಾಗಿ ಮೂರು ವರ್ಷವಾದರೂ ನೆದರ್‌ಫೀಲ್ಡ್‌ನಲ್ಲಿ ಬಿಂಗ್ಲಿ ಔತಣ ಕೊಡುತ್ತಿದ್ದರೆ ಅದು ತಪ್ಪು. ಕಿಟ್ಟಿ ಹೆಚ್ಚು ಕಾಲ ಇಬ್ಬರು ಅಕ್ಕಂದಿರ ಮನೆಯಲ್ಲೇ ಕಳೆಯುತ್ತಾಳೆ, ಸುಧಾರಿಸುತ್ತಾಳೆ. ಲಿಡಿಯಾ ಎಷ್ಟೇ ಕರೆದರೂ ಅಪ್ಪ ಅವಳನ್ನು ಅಲ್ಲಿಗೆ ಕಳಿಸುವುದಿಲ್ಲ. ತವರಿನಲ್ಲಿ ಉಳಿಯುವವಳು ಮೇರಿ ಒಬ್ಬಳೇ. ಅಕ್ಕಂದಿರ ಚೆಲುವಿನ ಜೊತೆ ಹೋಲಿಸಿ ನೋಯಿಸುವವರು ಈಗಿಲ್ಲ. ಅಮ್ಮನ ಜೊತೆ ಹತ್ತು ಮನೆಗೆ ಹೋಗಿಬರುತ್ತಾ ಅವಳು ಜನರ ನಡುವೆ ಬೆರೆಯಲು ಶುರುಮಾಡುತ್ತಾಳೆ. ಜಾರ್ಜಿಯಾನಾ ಪೆಂಬರ್ಲಿಯಲ್ಲೇ ಇರುತ್ತಾಳೆ, ಅತ್ತಿಗೆ ನಾದಿನಿ ಅಚ್ಚುಮೆಚ್ಚು. ವಿಕಮ್‌ಗೆ ಪೆಂಬರ್ಲಿಯ ಹೊಸ್ತಿಲು ಎಂದೆಂದಿಗೂ ಮುಚ್ಚಿದೆ. ಗಂಡ ಲಂಡನ್ನಿಗೋ ಬಾತ್‌ಗೋ ಮಜಾ ಮಾಡಲು ಹೋದಾಗ ಲಿಡಿಯಾ ಅಪರೂಪಕ್ಕೆ ಬರುತ್ತಾಳೆ. ಎಲಿಜಬೆತ್ ತನ್ನ ಕೈಖರ್ಚಿನಲ್ಲಿ ಉಳಿಸಿ ತಂಗಿಗೆ ದುಡ್ಡು ಕಳಿಸುತ್ತಾಳೆ. ಡಾರ್ಸಿ ಎಲಿಜಬೆತ್‌ಳನ್ನು ಮದುವೆಯಾದದ್ದಕ್ಕೆ ಸಿಟ್ಟಾದ ಲೇಡಿ ಕ್ಯಾಥರಿನ್‌ಳ ಕೋಪವೂ ಒಂದು ದಿನ ಇಳಿಯುತ್ತದೆ.

ಇದು ನಿರ್ಬಂಧದಂತೆ ಕಂಡರೂ ಸಮೃದ್ಧಿಯೇ. ಲೇಡಿ ಕ್ಯಾಥರಿನ್ ಮೊದಲ ಸಲ ಪೆಂಬರ್ಲಿಗೆ ಬರುವ ದೃಶ್ಯ ಮೂಲದಲ್ಲಿಲ್ಲ, ಆದರೆ ಬಂದಳು ಎಂಬುದು ಖಚಿತ. ವಿಕಮ್ ಪೆಂಬರ್ಲಿಗೆ ಕಾಲಿಡಬಾರದು ಎನ್ನುವುದರಿಂದಲೇ ಅವನನ್ನು ಐದು ಮೈಲಿ ದೂರದ ಲ್ಯಾಂಬ್ಟನ್‌ನ ಛತ್ರದಲ್ಲಿ ಇಳಿಸಿ ಕಥೆ ಕುದಿಸಬಹುದು.

ಪುಸ್ತಕದ ಹೊರಗೆ ಇನ್ನೊಂದು ಸಾಕ್ಷ್ಯವಿದೆ. ಆಸ್ಟಿನ್‌ರ ಅಣ್ಣನ ಮಗ ಜೇಮ್ಸ್ ಎಡ್ವರ್ಡ್ ಆಸ್ಟಿನ್-ಲೀ 1870ರಲ್ಲಿ ತಂದ ಜೀವನಚರಿತ್ರೆಯಲ್ಲಿ, ಮನೆಮಕ್ಕಳು ಕೇಳಿದರೆ ಅತ್ತೆ ತನ್ನ ಪಾತ್ರಗಳ ಮುಂದಿನ ಕಥೆ ಹೇಳುತ್ತಿದ್ದರೆಂದು ಬರೆದಿದ್ದಾರೆ. ಕಿಟ್ಟಿ ಪೆಂಬರ್ಲಿಯ ಹತ್ತಿರದ ಒಬ್ಬ ಪಾದ್ರಿಯನ್ನು ಮದುವೆಯಾದಳು. ಮೇರಿಗೆ ಸಿಕ್ಕಿದ್ದು ವಕೀಲಿ ನಡೆಸುವ ಚಿಕ್ಕಪ್ಪ ಫಿಲಿಪ್ಸ್‌ನ ಕಚೇರಿಯ ಗುಮಾಸ್ತ. ಇದನ್ನು ಒಪ್ಪಿಕೊಳ್ಳುವುದೋ ಬಿಡುವುದೋ ಎಂಬುದನ್ನು ಬರೆಯುವವರು ಮೊದಲ ದಿನವೇ ತೀರ್ಮಾನಿಸಬೇಕು. ಮೇರಿಗೆ ಡ್ಯೂಕನನ್ನು ಗಂಟುಹಾಕುವವರಿದ್ದಾರೆ. ನನ್ನ ಮಟ್ಟಿಗೆ ಆ ಗುಮಾಸ್ತನೇ ಒಳ್ಳೆಯ ನಾಯಕ. ಪುಸ್ತಕದ ಹುಳುವಾದ ಹುಡುಗಿ, ಕೈತುಂಬ ಕಾನೂನು ಕಡತ ಹೊತ್ತ ಹುಡುಗ, ಇಬ್ಬರಿಗೂ ಮೆರಿಟನ್ ಎಂಬ ಸಣ್ಣ ಪೇಟೆಯೇ ಲೋಕ. ಈ ಜೋಡಿಯಲ್ಲಿ ನಿಜವಾದ ಪ್ರಣಯದ ಸತ್ವವಿದೆ.

ಕಿಟ್ಟಿಯ ಪಾದ್ರಿಯನ್ನಂತೂ ಹೊಸದಾಗಿ ಹುಟ್ಟಿಸಬೇಕಾಗಿಯೇ ಇಲ್ಲ. ಡಾರ್ಸಿಯ ತಂದೆ ವಿಕಮ್‌ಗೆಂದು ಇಟ್ಟಿದ್ದ ಚರ್ಚಿನ ಹುದ್ದೆ ಪೆಂಬರ್ಲಿಯ ಸಮೀಪದ ಕಿಂಪ್ಟನ್‌ನದು. ಅದನ್ನು ಬಿಟ್ಟುಕೊಟ್ಟು ವಿಕಮ್ 3,000 ಪೌಂಡ್ ಎಣಿಸಿಕೊಂಡ. ಆ ಹುದ್ದೆ ಎರಡು ವರ್ಷದ ಹಿಂದೆ ಖಾಲಿಯಾಗಿ “ಬೇರೊಬ್ಬನಿಗೆ” ಹೋಯಿತು ಎಂದು 16ನೇ ಅಧ್ಯಾಯದಲ್ಲಿ ಅವನೇ ಗೊಣಗುತ್ತಾನೆ. ಆ ಬೇರೊಬ್ಬನ ಹೆಸರು, ವಯಸ್ಸು, ಮದುವೆ ಯಾವುದನ್ನೂ ಆಸ್ಟಿನ್ ಹೇಳಿಲ್ಲ. ಅವನಿಗೆ ಮೂವತ್ತು ವರ್ಷ ಕೊಟ್ಟು, ಕಿಟ್ಟಿ ಪೆಂಬರ್ಲಿಗೆ ಬಂದ ಮೊದಲ ಭಾನುವಾರ ಪೀಠದ ಮೇಲೆ ನಿಲ್ಲಿಸಿದರೆ ಎರಡನೇ ಸಂಪುಟ ಅಲ್ಲೇ ಶುರುವಾಯಿತು.

ಯಾವ ವರ್ಷ, ಯಾವ ಶಾಂತಿ

ಮೂಲದಲ್ಲಿ ಇಸವಿ ಇಲ್ಲ. ಆದರೆ ಸುಳಿವಿದೆ: ನೆದರ್‌ಫೀಲ್ಡ್‌ನ ನೃತ್ಯಕೂಟ ಮಂಗಳವಾರ ನಡೆಯುತ್ತದೆ, ಆ ದಿನ ನವೆಂಬರ್ 26 ಎಂದು ಬಿಂಗ್ಲಿ ಎಂಟು ತಿಂಗಳಾದ ಮೇಲೂ ನೆನಪಿಟ್ಟು ಹೇಳುತ್ತಾನೆ. ನವೆಂಬರ್ 26 ಮಂಗಳವಾರ ಬೀಳುವುದು 1793, 1799, 1805 ಮತ್ತು 1811ರಲ್ಲಿ. ಆಕ್ಸ್‌ಫರ್ಡಿನ ಸಂಪಾದಕ ಆರ್. ಡಬ್ಲ್ಯೂ. ಚಾಪ್ಮನ್ 1811-12ರ ಪಂಚಾಂಗಕ್ಕೆ ಕಥೆ ಹೊಂದುತ್ತದೆಂದು ತೋರಿಸಿದರು. ಹೆಚ್ಚಿನ ಉತ್ತರಭಾಗಗಳು ಅದನ್ನೇ ಹಿಡಿದಿವೆ.

ತೊಡಕು ಕೊನೆಯ ಅಧ್ಯಾಯದ ಒಂದು ಪದದಲ್ಲಿದೆ. ವಿಕಮ್ ದಂಪತಿಯ ಅಲೆದಾಟವನ್ನು ಹೇಳುತ್ತಾ ಆಸ್ಟಿನ್, ಶಾಂತಿ ಮರಳಿ ಅವರು ಮನೆಗೆ ಬಂದ ಮೇಲೂ ಅದು ತಪ್ಪಲಿಲ್ಲ ಎನ್ನುತ್ತಾರೆ. ಯಾವ ಶಾಂತಿ? ಪುಸ್ತಕ ಅಚ್ಚಾದದ್ದು 1813ರ ಜನವರಿಯಲ್ಲಿ. ನೆಪೋಲಿಯನ್ ಮೊದಲ ಸಲ ಸೋತು ಇಳಿದದ್ದು 1814ರಲ್ಲಿ. ಅಚ್ಚಾಗುವ ಹೊತ್ತಿಗೆ ಆಗಿಹೋಗಿದ್ದ ಶಾಂತಿಯೆಂದರೆ 1802ರ ಮಾರ್ಚಿನ ಆಮಿಯನ್ ಒಪ್ಪಂದ, ಅದೂ ಬಾಳಿದ್ದು 1803ರ ಮೇವರೆಗೆ. ಕಥೆಯ ಮೊದಲ ಕರಡನ್ನು ಆಸ್ಟಿನ್ ಬರೆದದ್ದು 1796-97ರಲ್ಲಿ ಎಂಬುದೂ ಇದಕ್ಕೆ ಸೇರುತ್ತದೆ. ಪಿ. ಡಿ. ಜೇಮ್ಸ್ 2011ರಲ್ಲಿ ತಂದ ತಮ್ಮ ಉತ್ತರಭಾಗವನ್ನು 1803ರಲ್ಲಿ ಇಟ್ಟದ್ದು ಹೀಗೆ ಹಳೆಯ ಕಾಲವನ್ನು ಹಿಡಿದೇ.

ವರ್ಷ ಆರಿಸಿದ ಮೇಲೆ ಕಥೆಯ ನೆಲವೇ ಬದಲಾಗುತ್ತದೆ. 1811ರ ನೃತ್ಯಕೂಟವಾದರೆ ಮದುವೆ 1812ರ ಕ್ರಿಸ್‌ಮಸ್ಸಿಗಿಂತ ಮುಂಚೆ; ಕ್ರಿಸ್‌ಮಸ್ಸಿಗೆ ಪೆಂಬರ್ಲಿಗೆ ಬನ್ನಿ ಎಂದು ಎಲಿಜಬೆತ್ ಸೋದರಮಾವನ ಹೆಂಡತಿಗೆ ಬರೆದದ್ದರಿಂದ ಅಷ್ಟು ಗೊತ್ತಾಗುತ್ತದೆ. ಮುಂದೆ ಲೇಖಕಿಗೆ ಸಿಗುವ ಇತಿಹಾಸ ಹೀಗೆ: 1814ರ ಫೆಬ್ರವರಿಯಲ್ಲಿ ಥೇಮ್ಸ್ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನಡೆಯಿತು; 1815ರ ಜೂನ್ 18 ವಾಟರ್ಲೂ; 1816ರಲ್ಲಿ ಬೇಸಿಗೆಯೇ ಬರಲಿಲ್ಲ, ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಎಸೆದ ಬೂದಿಯಿಂದ ಪೈರು ಕೈಕೊಟ್ಟಿತು; 1817ರ ಜೂನ್‌ನಲ್ಲಿ ಡರ್ಬಿಷೈರ್‌ನ ಪೆಂಟ್ರಿಚ್‌ನಲ್ಲಿ ಕೂಲಿಕಾರರು ದಂಗೆ ಎದ್ದರು. ನವೆಂಬರ್ 6ರಂದು ರಾಜಕುಮಾರಿ ಷಾರ್ಲೆಟ್ ಹೆರಿಗೆಯಲ್ಲಿ ತೀರಿಕೊಂಡಳು, ಮರುದಿನವೇ ಡರ್ಬಿಯಲ್ಲಿ ದಂಗೆಯ ಮೂವರು ಮುಖಂಡರಿಗೆ ಮರಣದಂಡನೆಯಾಯಿತು. ಡಾರ್ಸಿ ಅದೇ ಕೌಂಟಿಯ ಜಮೀನುದಾರ. 1817ರ ಪೆಂಬರ್ಲಿಯಲ್ಲಿ ಕಥೆ ಇಟ್ಟು ಇದರ ಸದ್ದೇ ಇಲ್ಲದಿದ್ದರೆ ಮನೆ ಬರೀ ಚಿತ್ರಪಟವಾಗುತ್ತದೆ. ಅದೇ ನವೆಂಬರಿನಲ್ಲಿ ನೃತ್ಯಕೂಟ ಇಟ್ಟವರು ಇನ್ನೊಂದು ತಪ್ಪು ಮಾಡುತ್ತಾರೆ: ಇಡೀ ದೇಶ ಸೂತಕದ ಕಪ್ಪು ಉಟ್ಟಿತ್ತು.

1799ನ್ನು ಆರಿಸಿಕೊಂಡರೆ ನಮ್ಮ ನೆಲಕ್ಕೇ ಒಂದು ಎಳೆ ಸಿಗುತ್ತದೆ. ಆ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಲೂಟಿಯ ಸಂಪತ್ತನ್ನು ದರ್ಜೆಗೆ ತಕ್ಕಂತೆ ಸೈನಿಕರಿಗೆ ಹಂಚಿದರು. ಜಹಗೀರಿಲ್ಲದ ಕಿರಿಯ ಮಗನೊಬ್ಬ ಆ ಪಾಲಿನ ದುಡ್ಡು ಹಿಡಿದು ಇಂಗ್ಲೆಂಡಿಗೆ ಮರಳಿ ಹೆಣ್ಣು ಹುಡುಕುವುದು ಆ ಕಾಲಕ್ಕೆ ಒಪ್ಪುವ ಕಥೆ. ಆದರೆ ಪಯಣ ನೆನಪಿರಬೇಕು: ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆಗ ಹಡಗು ಆಫ್ರಿಕದ ತುದಿ ಸುತ್ತಿ ಬರಬೇಕು, ತಿಂಗಳುಗಟ್ಟಲೆ. ಮದ್ರಾಸಿಗೆ ಬರೆದ ಪ್ರೇಮಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ವರ್ಷ ಉರುಳಿರುತ್ತದೆ. ಮತ್ತು ಆ ದುಡ್ಡು ಯಾರ ಮನೆಯಿಂದ ಬಂತು ಎಂಬುದನ್ನು ಇವತ್ತಿನ ಲೇಖಕಿ ಪಾತ್ರಗಳ ಬಾಯಲ್ಲಿ ಅಡಗಿಸಿದರೂ ಓದುಗರಿಂದ ಅಡಗಿಸಬಾರದು.

ದುಡ್ಡಿನ ಲೆಕ್ಕ

ಆಸ್ಟಿನ್ ಪ್ರತಿಯೊಬ್ಬರ ವರಮಾನವನ್ನೂ ಅಂಕಿಯಲ್ಲಿ ಹೇಳುತ್ತಾರೆ. ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್, ಬಿಂಗ್ಲಿಗೆ ನಾಲ್ಕೈದು ಸಾವಿರ, ಬೆನೆಟ್‌ಗೆ 2,000. ಬೆನೆಟ್ ಮನೆಯ ಹೆಣ್ಣುಮಕ್ಕಳ ಪಾಲನ್ನು ಹೇಳುವವನು ಬೆನೆಟ್‌ನ ನೆಂಟ ಕಾಲಿನ್ಸ್, ಅದೂ ಎಲಿಜಬೆತ್‌ಳನ್ನು ಮದುವೆಯಾಗೆಂದು ಕೇಳುತ್ತಲೇ: ನಿನಗೆ ಬರುವುದು ನಾಲ್ಕು ಪರ್ಸೆಂಟ್ ಸರ್ಕಾರಿ ಸಾಲಪತ್ರದಲ್ಲಿರುವ ಸಾವಿರ ಪೌಂಡ್, ಅದೂ ನಿನ್ನ ತಾಯಿ ಹೋದ ಮೇಲೆ. ಅಂದರೆ ಮೇರಿ, ಕಿಟ್ಟಿಯರಿಗೆ ಒಂದು ಕಾಲಕ್ಕೆ ವರ್ಷಕ್ಕೆ 40 ಪೌಂಡ್ ಬಡ್ಡಿ, ಈಗ ಏನೂ ಇಲ್ಲ. ಜಾರ್ಜಿಯಾನಾಳ ಹೆಸರಿನಲ್ಲಿ 30,000 ಪೌಂಡ್ ಇದೆ. ಅದೇ ನಾಲ್ಕು ಪರ್ಸೆಂಟ್ ಹಿಡಿದರೂ ವರ್ಷಕ್ಕೆ 1,200. ಬೆನೆಟ್ ಇಡೀ ಸಂಸಾರ ನಡೆಸುವ ದುಡ್ಡಿನ ಐದರಲ್ಲಿ ಮೂರು ಪಾಲು ಒಬ್ಬ ಹುಡುಗಿಯ ಬಡ್ಡಿ.

ಈ ಒಂದಕ್ಕೆ ಮೂವತ್ತರ ಅಂತರದಿಂದ ಮೂರು ಸಂಪುಟಗಳ ಸಂಕಟವೇ ಬೇರೆ ಬೇರೆಯಾಗುತ್ತದೆ. ಮೇರಿಯನ್ನು ಮೆಚ್ಚಿದವನಿಗೆ ಸಂಸಾರ ಸಾಕುವ ಶಕ್ತಿ ಇದೆಯೇ ಎಂಬುದು ಮೊದಲ ಪುಸ್ತಕದ ಅಡ್ಡಿ. ಮೆಚ್ಚಿದವನು ಅವಳನ್ನು ಮೆಚ್ಚಿದನೋ ಗಂಟನ್ನೋ ಎಂಬುದು ಮೂರನೆಯದರ ಅಡ್ಡಿ, ಏಕೆಂದರೆ ವಿಕಮ್ ಕಣ್ಣಿಟ್ಟಿದ್ದು ಆ ಗಂಟಿಗೇ. ಲಿಡಿಯಾಳ ಮದುವೆ ಕುದುರಿಸಲು ಡಾರ್ಸಿ ತೆತ್ತದ್ದು ಗೊತ್ತೇ ಇದೆ: ವಿಕಮ್‌ನ ಸಾವಿರಕ್ಕೂ ಎಷ್ಟೋ ಮೀರಿದ ಸಾಲ, ಲಿಡಿಯಾಳ ಹೆಸರಿಗೆ ಇನ್ನೊಂದು ಸಾವಿರ, ಸೈನ್ಯದ ಹುದ್ದೆ ಕೊಳ್ಳುವ ಖರ್ಚು. ಹಾಗಾಗಿ ಕಿಟ್ಟಿಗೆ ಬಾವ ವರದಕ್ಷಿಣೆ ಕೊಟ್ಟು ಮದುವೆ ಮಾಡಿಸಿದ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ಕಥೆಯನ್ನು ಬಡವಾಗಿಸುತ್ತದೆ. ಬೆನೆಟ್ ಅದನ್ನು ಸುಮ್ಮನೆ ತೆಗೆದುಕೊಳ್ಳುವ ಮನುಷ್ಯನೇ? ಎಲಿಜಬೆತ್ ಕೇಳುತ್ತಾಳೆಯೇ? ಅಲ್ಲಿ ಒಂದು ಒಳ್ಳೆಯ ಅಧ್ಯಾಯವಿದೆ.

ಆಸ್ತಿಯ ಕಟ್ಟಳೆಯನ್ನೂ ಸರಿಯಾಗಿ ಹಿಡಿಯಬೇಕು. ಬೆನೆಟ್‌ನ ಲಾಂಗ್‌ಬರ್ನ್ ಗಂಡುವಾರಸಿಗೆ ಮಾತ್ರ ಹೋಗುವಂತೆ ಕಟ್ಟಿಹಾಕಿದ ಆಸ್ತಿ. ಬೆನೆಟ್ ಕಣ್ಣುಮುಚ್ಚಿದ ದಿನ ಅದು ಕಾಲಿನ್ಸ್‌ನದು. ಜೇನ್‌ಗೆ ಗಂಡುಮಗು ಹುಟ್ಟಿದರೂ ಲಾಂಗ್‌ಬರ್ನ್ ಉಳಿಯುವುದಿಲ್ಲ. ರೋಸಿಂಗ್ಸ್ ಹಾಗಲ್ಲ, ಹೆಣ್ಣುಮಕ್ಕಳಿಗೆ ಆಸ್ತಿ ತಪ್ಪಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ ಎಂದು ಲೇಡಿ ಕ್ಯಾಥರಿನ್ ತಾನೇ ಹೇಳುತ್ತಾಳೆ. ಆದ್ದರಿಂದ ಕಾಯಿಲೆಯ ಆನ್ ದೊಡ್ಡ ಆಸ್ತಿಯ ಒಡತಿಯಾಗುವವಳು. ಕರ್ನಲ್ ಫಿಟ್ಸ್‌ವಿಲಿಯಂ ಅರ್ಲ್ ಎಂಬ ಬಿರುದಿನ ಶ್ರೀಮಂತನೊಬ್ಬನ ಕಿರಿಯ ಮಗ, ದುಡ್ಡು ನೋಡದೆ ಮದುವೆಯಾಗುವ ಸ್ಥಿತಿ ತನ್ನದಲ್ಲ ಎಂದು ಎಲಿಜಬೆತ್ ಎದುರೇ ಒಪ್ಪಿಕೊಂಡವನು. ಈ ಇಬ್ಬರನ್ನು ಸೇರಿಸುವ ಉತ್ತರಭಾಗಗಳಿಗೆ ಬೀಜ ಸಿಕ್ಕಿದ್ದು ಇಲ್ಲೇ.

ಕನ್ನಡದ ಓದುಗರಿಗೆ ಇಲ್ಲೊಂದು ಸ್ವಾರಸ್ಯ. ಡಾರ್ಸಿಯ ತಾಯಿ, ಆನ್‌ಳ ತಾಯಿ ಒಡಹುಟ್ಟಿದ ಅಕ್ಕತಂಗಿಯರು. ನಮ್ಮ ವರಸೆಯಲ್ಲಿ ಡಾರ್ಸಿ ಮತ್ತು ಆನ್ ಅಣ್ಣತಂಗಿ. ಅವರಿಬ್ಬರ ಮದುವೆಗೆ ಲೇಡಿ ಕ್ಯಾಥರಿನ್ ಹಟ ಹಿಡಿಯುವುದು ನಮಗೆ ಕಸಿವಿಸಿ. ಕರ್ನಲ್ ಫಿಟ್ಸ್‌ವಿಲಿಯಂ ಜಾರ್ಜಿಯಾನಾಗೆ ಸೋದರಮಾವನ ಮಗ, ವರಸೆ ಪಕ್ಕಾ. ಇಂಗ್ಲೆಂಡಿನ ಕಾನೂನಿಗೆ ಎರಡೂ ಒಂದೇ, ಎರಡಕ್ಕೂ ಅಡ್ಡಿಯಿಲ್ಲ. ಕಷ್ಟ ಬೇರೆ ಕಡೆ ಇದೆ: ಕರ್ನಲ್ ಜಾರ್ಜಿಯಾನಾಳ ಪಾಲಕರಲ್ಲಿ ಒಬ್ಬ. ಅವಳ ಮದುವೆಗೆ ಒಪ್ಪಿಗೆ ಕೊಡಬೇಕಾದವನೇ ವರನಾದರೆ ಅದನ್ನು ಡಾರ್ಸಿ ಹೇಗೆ ನೋಡುತ್ತಾನೆ ಎಂಬುದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಮದುವೆಯ ಕಾನೂನು

1754ರಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಮದುವೆಗೆ ಎರಡೇ ದಾರಿ: ಚರ್ಚಿನಲ್ಲಿ ಮೂರು ಭಾನುವಾರ ಹೆಸರು ಕೂಗಿಸುವುದು, ಇಲ್ಲವೇ ಲೈಸೆನ್ಸ್ ಪಡೆಯುವುದು. 21 ತುಂಬದವರಿಗೆ ಲೈಸೆನ್ಸ್ ಬೇಕೆಂದರೆ ತಂದೆಯ ಅಥವಾ ಪಾಲಕರ ಒಪ್ಪಿಗೆ ಬೇಕು. ಇಷ್ಟವಾದ ಜಾಗದಲ್ಲಿ, ಇಷ್ಟವಾದ ಹೊತ್ತಿನಲ್ಲಿ ಮದುವೆಯಾಗಲು ಕ್ಯಾಂಟರ್ಬರಿ ಆರ್ಚ್‌ಬಿಷಪ್ ಕೊಡುವ ವಿಶೇಷ ಲೈಸೆನ್ಸ್ ಇತ್ತು. ಡಾರ್ಸಿ ಅಳಿಯನಾಗುತ್ತಾನೆಂದು ಕೇಳಿ ಬೆನೆಟ್ ಹೆಂಡತಿ ಕುಣಿದಾಡುತ್ತಾ ಕೇಳುವುದು ಅದನ್ನೇ. ಸ್ಕಾಟ್ಲೆಂಡಿಗೆ ಈ ಕಾಯ್ದೆ ತಾಗುತ್ತಿರಲಿಲ್ಲ, ಅದಕ್ಕೇ ಓಡಿಹೋಗುವವರೆಲ್ಲ ಗಡಿಯ ಗ್ರೆಟ್ನಾ ಗ್ರೀನ್ ದಾರಿ ಹಿಡಿಯುತ್ತಿದ್ದರು.

ಮದುವೆ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಹನ್ನೆರಡರೊಳಗೆ ಆಗಬೇಕು. ಇದನ್ನು ಮರೆತು ಸಂಜೆ ಮೇಣದಬತ್ತಿಯ ಬೆಳಕಿನಲ್ಲಿ ಸಾಮಾನ್ಯ ಜೋಡಿಗೆ ಮದುವೆ ಮಾಡಿಸುವವರು ಬಹಳ. ಆಸ್ಟಿನ್ ಈ ನಿಯಮವನ್ನು ಎಷ್ಟು ಸಹಜವಾಗಿ ಬಳಸಿದ್ದಾರೆ ನೋಡಿ. ಲಿಡಿಯಾಳ ಮದುವೆ ಸೋಮವಾರ ಹನ್ನೊಂದಕ್ಕೆ, ಸೇಂಟ್ ಕ್ಲೆಮೆಂಟ್ಸ್ ಚರ್ಚಿನಲ್ಲಿ. ಗಾಡಿ ಬಾಗಿಲಿಗೆ ಬಂದ ಹೊತ್ತಿಗೆ ಸರಿಯಾಗಿ ಧಾರೆಯೆರೆಯಬೇಕಾದ ಸೋದರಮಾವ ಗಾರ್ಡಿನರ್‌ನನ್ನು ಯಾವುದೋ ವ್ಯವಹಾರಕ್ಕೆ ಕರೆದುಬಿಡುತ್ತಾರೆ. ಹೊತ್ತು ಮೀರಿದರೆ ಇವತ್ತಿಡೀ ಮದುವೆಯಾಗುವಂತಿಲ್ಲವಲ್ಲ ಎಂದು ಲಿಡಿಯಾ ಗಾಬರಿಬೀಳುತ್ತಾಳೆ. ಹತ್ತು ನಿಮಿಷದಲ್ಲಿ ಮಾವ ವಾಪಸಾಗುತ್ತಾನೆ. ಆ ಗಾಬರಿಯ ಹರಟೆಯಲ್ಲೇ, ಮಾವ ಬರದಿದ್ದರೂ ಡಾರ್ಸಿ ಇದ್ದನಲ್ಲ ಎಂದು ಬಾಯಿಬಿಟ್ಟು, ಡಾರ್ಸಿ ಆ ಮದುವೆಗೆ ಬಂದಿದ್ದ ಗುಟ್ಟನ್ನು ಹೊರಹಾಕುತ್ತಾಳೆ. ಒಂದು ಒಣ ಕಾನೂನು ಕಥೆಯ ತಿರುವನ್ನೇ ಹೊತ್ತು ತಂದಿತು. ಉತ್ತರಭಾಗದವರು ಕಲಿಯಬೇಕಾದ ಕೈಚಳಕ ಇದು.

ಜಾರ್ಜಿಯಾನಾಗೆ 1812ರ ಬೇಸಿಗೆಯಲ್ಲಿ ಹದಿನಾರು ದಾಟಿದೆ. 21 ತುಂಬುವುದು 1817ರ ಸುಮಾರಿಗೆ. ಅವಳ ಕಥೆಯನ್ನು ವಾಟರ್ಲೂ ವರ್ಷದಲ್ಲಿ ಇಟ್ಟರೆ ಲೈಸೆನ್ಸಿಗೆ ಅಣ್ಣನ ಒಪ್ಪಿಗೆ ಬೇಕು. ಪೆಂಟ್ರಿಚ್ ವರ್ಷದಲ್ಲಿ ಇಟ್ಟರೆ ಬೇಕಿಲ್ಲ. ಕಥೆಗೆ ಯಾವುದು ಬೇಕೋ ಅದನ್ನು ನೋಡಿ ವರ್ಷ ಆರಿಸಬೇಕು.

ದುಃಖದ ಕಥೆ ಹೆಣೆಯುವವರಿಗೂ ಒಂದು ಎಚ್ಚರಿಕೆ. ಹೆಂಡತಿ ತೀರಿಕೊಂಡರೆ ಅವಳ ತಂಗಿಯನ್ನು ತಂದುಕೊಳ್ಳುವುದು ನಮ್ಮಲ್ಲಿ ಎಷ್ಟೋ ಮನೆಯಲ್ಲಿ ನಡೆದದ್ದೇ. ಇಂಗ್ಲೆಂಡಿನಲ್ಲಿ ಚರ್ಚು ಅದನ್ನು ನಿಷಿದ್ಧ ಸಂಬಂಧ ಎನ್ನುತ್ತಿತ್ತು. 1835ರವರೆಗೆ ಅಂಥ ಮದುವೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದಿತ್ತು, ಆಮೇಲೆ ಅದು ಹುಟ್ಟಿನಿಂದಲೇ ಅಸಿಂಧು, ಕಾನೂನು ಸಡಿಲಾದದ್ದು 1907ರಲ್ಲಿ. ಹಾಗಾಗಿ ಜೇನ್‌ಳನ್ನು ಸಾಯಿಸಿ ಬಿಂಗ್ಲಿಗೆ ಕಿಟ್ಟಿಯನ್ನು ಕೊಡುವಂತಿಲ್ಲ. ಲಿಡಿಯಾಗೆ ವಿಚ್ಛೇದನ ಕೊಡಿಸುವುದೂ ಅಸಾಧ್ಯಕ್ಕೆ ಹತ್ತಿರ. 1857ರ ಕಾಯ್ದೆಗೆ ಮುಂಚೆ ಮರುಮದುವೆಗೆ ಅವಕಾಶವಿರುವ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಖಾಸಗಿ ಮಸೂದೆಯೇ ಬೇಕಿತ್ತು, ಹೆಂಗಸರಿಗೆ ಅದು ಸಿಕ್ಕಿದ್ದು ಬೆರಳೆಣಿಕೆಯಷ್ಟು ಸಲ.

ಸಣ್ಣ ವಿವರಗಳು ಇನ್ನೂ ಇವೆ. ಘರ್ಷಣೆಯಿಂದ ಹೊತ್ತುವ ಬೆಂಕಿಕಡ್ಡಿ 1820ರ ದಶಕದ್ದು, ಅದಕ್ಕೆ ಮೊದಲು ಚಕಮಕಿ. ಪೆನ್ನಿ ಅಂಚೆ 1840ರದು; ಅದಕ್ಕೂ ಮುಂಚೆ ಕಾಗದದ ದುಡ್ಡು ತೆರುತ್ತಿದ್ದವರು ಸಾಮಾನ್ಯವಾಗಿ ಪಡೆಯುವವರು, ಅದೂ ಹಾಳೆಯ ಲೆಕ್ಕದಲ್ಲಿ. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಅದಕ್ಕೇ ಒಂದೇ ಹಾಳೆಯನ್ನು ಮಡಿಸಿ ಅರಗಿನ ಮುದ್ರೆ ಒತ್ತುತ್ತಿದ್ದರು. ಗಾಬರಿಯಲ್ಲಿ ಜೇನ್ ವಿಳಾಸವನ್ನು ಗೀಚಿದ್ದರಿಂದ ಲಿಡಿಯಾ ಓಡಿಹೋದ ಸುದ್ದಿಯ ಮೊದಲ ಕಾಗದ ಎಲ್ಲೋ ತಪ್ಪಿಹೋಗಿ, ಲ್ಯಾಂಬ್ಟನ್‌ನಲ್ಲಿ ಎಲಿಜಬೆತ್ ಕೈಗೆ ಎರಡೂ ಒಟ್ಟಿಗೆ ಬರುತ್ತವೆ. ಅಂಚೆ ಗೊತ್ತಿದ್ದ ಲೇಖಕಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ.

ಸುದ್ದಿ ಹೇಳುವ ಹೊತ್ತು

ಹಸ್ತಪ್ರತಿ ಮುಗಿಯುವ ಮೊದಲೇ ತಾರೀಖು ಹೇಳುವುದು ಸರಣಿ ಬರೆಯುವವರ ದೊಡ್ಡ ಎಡವಟ್ಟು. ಕಿಂಡಲ್‌ನಲ್ಲಿ ಪುಸ್ತಕವನ್ನು ಒಂದು ವರ್ಷ ಮುಂಚೆಯೇ ಮುಂಗಡ ಮಾರಾಟಕ್ಕೆ ಇಡಬಹುದು, ಆದರೆ ಅಂತಿಮ ಕಡತವನ್ನು ಬಿಡುಗಡೆಗೆ 72 ಗಂಟೆ ಮುಂಚೆ ಏರಿಸಿರಬೇಕು. ಸರಣಿಯಲ್ಲಿ ಇನ್ನೊಂದು ಅಪಾಯವೂ ಇದೆ: ಮೊದಲ ಸಂಪುಟ ಅಚ್ಚಾದ ಮೇಲೆ ಅದರಲ್ಲಿ ಇಟ್ಟ ವರ್ಷ, ಹುಟ್ಟಿದ ಮಗು, ಸತ್ತ ಅಜ್ಜಿ ಯಾವುದನ್ನೂ ಬದಲಿಸಲಾಗುವುದಿಲ್ಲ. ಮೂರನೆಯ ಸಂಪುಟದ ಕರಡಾದರೂ ಕೈಯಲ್ಲಿದ್ದಾಗ ಮೊದಲನೆಯದರ ಸುದ್ದಿ ಹೊರಡಿಸುವುದು ಕ್ಷೇಮ.

ಸುದ್ದಿಯಲ್ಲಿ ಓದುಗರಿಗೆ ಬೇಕಾದ್ದನ್ನು ನೇರ ಹೇಳಿಬಿಡಬೇಕು. ಪ್ರತಿ ಸಂಪುಟವನ್ನು ಬಿಡಿಯಾಗಿ ಓದಬಹುದೇ, ಕ್ರಮದಲ್ಲೇ ಓದಬೇಕೇ. ಶೃಂಗಾರ ಮಲಗುವ ಕೋಣೆಯ ಬಾಗಿಲ ಹೊರಗೇ ನಿಲ್ಲುತ್ತದೆಯೇ, ಒಳಗೆ ಹೋಗುತ್ತದೆಯೇ. ಡಾರ್ಸಿ ದಂಪತಿಯ ಸಂಸಾರಕ್ಕೆ ಕುತ್ತು ತರುವ ಕಥೆಯೇ. ಕೊನೆಯದನ್ನು ಮುಚ್ಚಿಟ್ಟವರು ಓದುಗರ ಸಿಟ್ಟಿಗೆ ಗುರಿಯಾಗುತ್ತಾರೆ. ಎಲಿಜಬೆತ್ ಸುಖವಾಗಿರಲಿ ಎಂದೇ ಜನ ಉತ್ತರಭಾಗ ಕೊಳ್ಳುವುದು, ಆ ಆಸೆಯನ್ನು ಗೌರವಿಸಬೇಕು. ಮುಖಪುಟದಲ್ಲಿ ಎದೆಯ ಕೆಳಗೇ ನಡುಕಟ್ಟಿದ ಇಳಿಬಿದ್ದ ನಿಲುವಂಗಿ ಇರಲಿ. ಗುಡಾರದಂತೆ ಉಬ್ಬಿದ ಉಕ್ಕಿನ ಚೌಕಟ್ಟಿನ ಲಂಗ 1850ರ ದಶಕದ್ದು. ಹಿಂಬದಿಯ ಪರಿಚಯದಲ್ಲಿ “ಲೇಡಿ ಎಲಿಜಬೆತ್” ಎಂದು ಬರೆದರೆ ತಿಳಿದವರು ಪುಸ್ತಕ ಕೆಳಗಿಡುತ್ತಾರೆ. ಡಾರ್ಸಿಗೆ ಬಿರುದಿಲ್ಲ, ಅವಳು ಮಿಸೆಸ್ ಡಾರ್ಸಿ. ಕ್ಯಾಥರಿನ್ ಅರ್ಲ್‌ನ ಮಗಳಾದ್ದರಿಂದ ಲೇಡಿ ಕ್ಯಾಥರಿನ್. ವಿಲಿಯಂ ಲೂಕಸ್ ನೈಟ್ ಆದ್ದರಿಂದ ಅವನ ಹೆಂಡತಿ ಲೇಡಿ ಲೂಕಸ್.

ಸಂಬೋಧನೆಯ ಈ ನಿಯಮದಲ್ಲೇ ಮೇರಿಯ ಸಂಪುಟಕ್ಕೆ ಬಾಗಿಲಿದೆ. ಮನೆಯ ಹಿರಿಯ ಮದುವೆಯಾಗದ ಮಗಳನ್ನು ಮಾತ್ರ ಬರೀ “ಮಿಸ್ ಬೆನೆಟ್” ಎನ್ನುತ್ತಾರೆ, ಉಳಿದವರಿಗೆ ಹೆಸರು ಸೇರಿಸಬೇಕು. ಇಷ್ಟು ವರ್ಷ ಆ ಪದವಿ ಜೇನ್‌ಳದು. ಮದುವೆಯಾಗಿ ಬಂದ ಲಿಡಿಯಾ, ಇನ್ನು ನಿನ್ನ ಜಾಗ ನನ್ನದು ಎಂದು ಅಕ್ಕನನ್ನು ಹಿಂದೆ ಸರಿಸಿ ಊಟದ ಕೋಣೆಗೆ ನುಗ್ಗಿದವಳು. ಜೇನ್, ಎಲಿಜಬೆತ್ ಒಂದೇ ದಿನ ಹೊರಟುಹೋದ ಮೇಲೆ, ಮರುದಿನ ಬೆಳಗ್ಗೆ ಕೆಲಸದವಳು ಕಾಗದ ಹಿಡಿದು ಬಂದು “ಮಿಸ್ ಬೆನೆಟ್” ಎಂದು ಕರೆದರೆ, ಪಿಯಾನೊ ಮುಂದೆ ಕೂತ ಮೇರಿ ಅಭ್ಯಾಸಬಲದಿಂದ ಜೇನ್‌ಗಾಗಿ ಬಾಗಿಲ ಕಡೆ ನೋಡುತ್ತಾಳೆ.